ಕಡ್ಡಿ ಕೊಡಲಾಗದ ಗಿಡ

ನಮ್ಮ ಕಡೆ ಯಾರ ಮನೆಗೆ ಹೋದರೂ ಹೆಂಗಸರು ಬರಿಗೈಯಲ್ಲಿ ವಾಪಸ್ ಬರುವುದಿಲ್ಲ. ಮಾತು ಮುಗಿದು, ಕಾಫಿ ಮುಗಿದು, ಜಗಲಿ ಇಳಿದು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಕಣ್ಣು ಅಂಗಳದ ಮೂಲೆಗೆ ಹೋಗಿರುತ್ತದೆ. "ಈ ಬಣ್ಣದ ದಾಸವಾಳ ನಮ್ಮಲ್ಲಿಲ್ಲ ಮಾರಾಯ್ತಿ, ಒಂದು ಕಡ್ಡಿ ಕೊಡೇ." ಅಷ್ಟು ಕೇಳಿದರೆ ಸಾಕು. ಮನೆಯಾಕೆ ಒಳಗಿಂದ ಕತ್ತಿ ತಂದು ಗೇಣುದ್ದದ ಕಡ್ಡಿ ಕಡಿದು, ಬುಡಕ್ಕೆ ಒದ್ದೆ ಬಾಳೆಪಟ್ಟೆ ಸುತ್ತಿ ಕೈಗಿಡುತ್ತಾಳೆ. ಡೇರೆ ಗಡ್ಡೆ, ಸೇವಂತಿಗೆ ಹಿಳ್ಳು, ಆಂತೂರಿಯಂ ಮರಿ, ಹೀಗೆ ನನ್ನ ಅಂಗಳದ ಮುಕ್ಕಾಲು ಪಾಲು ಗಿಡಗಳಿಗೆ ನಾನು ದುಡ್ಡು ಕೊಟ್ಟಿಲ್ಲ. ಅವಕ್ಕೆಲ್ಲ ಕೊಟ್ಟವರ ಹೆಸರೇ ಹೆಸರು. ಕೊಪ್ಪದ ಚಿಕ್ಕಮ್ಮನ ದಾಸವಾಳ, ಮೂಡಿಗೆರೆ ಅತ್ತಿಗೆಯ ಡೇರೆ. ಕೇಳದೇ ಮುರಿದುಕೊಂಡು ಬಂದದ್ದೂ ಒಂದೆರಡಿವೆ. ಕದ್ದ ಗಿಡ ಚೆನ್ನಾಗಿ ಬರುತ್ತದೆ ಅಂತ ಮಾತಿದೆಯಲ್ಲ, ಅದನ್ನು ಕಟ್ಟಿದವರು ಕದ್ದವರೇ ಇರಬೇಕು.

ಈ ಕೊಡು-ಕೊಳ್ಳುವಿಕೆಗೆ ಒಗ್ಗದ, ನೋಡಲು ಕೊತ್ತಂಬರಿಯಂಥ ಒಂದು ಸೊಪ್ಪಿನ ಗಿಡ ಈಗ ನಮ್ಮ ಜಗಲಿ ಮೇಲಿದೆ. ಪಾರ್ಸ್ಲಿ. ಅದನ್ನು ಬೆಳೆಯಲು ಹೋಗಿ ಎರಡು ಸಲ ಸೋತೆ, ಮೂರನೇ ಸಲ ಗೆದ್ದೆ, ಆಮೇಲೆ ಬೇರೆಯವರಿಗೆ ಹೇಗೆ ಕೊಡುವುದು ಅಂತ ತಿಳಿಯದೆ ಒಂದು ವರ್ಷ ಒದ್ದಾಡಿದೆ.

ಅದು ನಮ್ಮ ಮನೆಗೆ ಬಂದದ್ದು ಮಗಳ ಬ್ಯಾಗಿನಲ್ಲಿ. ಬೆಂಗಳೂರಿನಿಂದ ದಸರಾ ರಜೆಗೆ ಬಂದವಳು ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ಸೊಪ್ಪು ತೆಗೆದು ಅಡುಗೆಕಟ್ಟೆ ಮೇಲಿಟ್ಟಳು. "ಅಮ್ಮಾ, ಇದು ಕೊತ್ತಂಬರಿ ಅಲ್ಲ. ಸಾರಿಗೆ ಹಾಕ್ಬಿಡಬೇಡ" ಅಂತ ಮೊದಲೇ ಎಚ್ಚರಿಕೆ ಕೊಟ್ಟಳು. ಕೊಟ್ಟದ್ದು ಒಳ್ಳೆಯದೇ ಆಯಿತು. ನಾನು ಆಗಲೇ ಬೇರು ಹುಡುಕುತ್ತಿದ್ದೆ, ಕತ್ತರಿಸಿ ಬಿಸಾಡಲು.

ಅವಳು ಮಾಡಿದ್ದು ತಬೂಲೆ. ಲೆಬನಾನ್ ಕಡೆಯವರ ತಿನಿಸು. ನಮ್ಮ ಕೋಸಂಬರಿಯ ದೂರದ ನೆಂಟ ಅನ್ನಬಹುದು, ಆದರೆ ಲೆಕ್ಕ ಉಲ್ಟಾ. ಕೋಸಂಬರಿಯಲ್ಲಿ ಹೆಸರುಬೇಳೆ ಮುಖ್ಯ, ಸೊಪ್ಪು ಮೇಲೆ ಉದುರಿಸಲಿಕ್ಕೆ. ಅಲ್ಲಿ ಸೊಪ್ಪೇ ರಾಶಿ. ಬೇಯಿಸಿ ಒಣಗಿಸಿ ಒಡೆದ ಗೋಧಿ ನುಚ್ಚು ನಾಲ್ಕು ಕಾಳು ಕಂಡರೆ ಕಂಡಿತು. ಜೊತೆಗೆ ಟೊಮೆಟೊ, ಈರುಳ್ಳಿ, ಸ್ವಲ್ಪ ಪುದೀನ, ನಿಂಬೆರಸ, ಆಲಿವ್ ಎಣ್ಣೆ. ತಿಂದು ನೋಡಿದೆ. ಕೊತ್ತಂಬರಿಯ ಘಾಟಿಲ್ಲ. ಎಳೇ ಕ್ಯಾರೆಟ್ಟಿನ ಸೊಪ್ಪು ಮುರಿದಾಗ ಮೂಗಿಗೆ ಬರುತ್ತದಲ್ಲ, ಆ ಥರದ ಹಸಿ ವಾಸನೆ. ಕೊನೆಯಲ್ಲಿ ಚೂರು ಕಹಿ. ನನಗೆ ಹಿಡಿಸಿತು. ನನ್ನವರು "ಹಸು ತಿನ್ನೋದನ್ನೆಲ್ಲ ನಮಗೆ ಹಾಕ್ತೀರಿ" ಅಂದು ಮಜ್ಜಿಗೆ ಅನ್ನಕ್ಕೆ ಕೈ ಹಾಕಿದರು.

ಮಿಕ್ಕ ಹತ್ತು-ಹನ್ನೆರಡು ದಂಟುಗಳನ್ನು ನಾನು ಗಾಜಿನ ಲೋಟದಲ್ಲಿ ನೀರು ಹಾಕಿ ನಿಲ್ಲಿಸಿದೆ. ಪಕ್ಕದ ಲೋಟದಲ್ಲಿ ಪುದೀನ. ಸಂತೆಯಿಂದ ತಂದ ಪುದೀನವನ್ನು ಹೀಗೆ ಬೇರು ಬರಿಸಿ ನೆಡುವುದು ಎಲ್ಲರೂ ಮಾಡುವ ಕೆಲಸವೇ ಅಲ್ವಾ? ವಾರಕ್ಕೆ ಪುದೀನಕ್ಕೆ ಬಿಳೀ ಬೇರು ಬಂತು. ಪಾರ್ಸ್ಲಿ ಹಳದಿಯಾಯಿತು. ನೀರು ಬದಲಾಯಿಸಿದೆ. ಬುಡವನ್ನು ಓರೆಯಾಗಿ ಕತ್ತರಿಸಿ ಮತ್ತೆ ಇಟ್ಟೆ. ಹದಿನೈದು ದಿನಕ್ಕೆ ನೀರು ನಾರತೊಡಗಿತು, ದಂಟು ಲೋಳೆಯಾಯಿತು, ಬಚ್ಚಲ ಹಿಂದೆ ಚೆಲ್ಲಿದೆ.

ಕಾರಣ ಹೊಳೆದದ್ದು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದಾಗ. ಪುದೀನದ ದಂಟಿನಲ್ಲಿ ಕಬ್ಬಿನ ಹಾಗೆ ಗೆಣ್ಣುಗಳಿವೆ. ಗೆಣ್ಣಿಂದ ಎಲೆ ಬರುತ್ತದೆ, ಅಲ್ಲೇ ಚಿಗುರು ಕೂತಿರುತ್ತದೆ, ನೀರು ಸಿಕ್ಕರೆ ಅಲ್ಲೇ ಬೇರೂ ಒಡೆಯುತ್ತದೆ. ಪಾರ್ಸ್ಲಿಯ ದಂಟಿನಲ್ಲಿ ಗೆಣ್ಣೇ ಇಲ್ಲ. ಯಾಕೆಂದರೆ ಅದು ದಂಟೇ ಅಲ್ಲ, ಎಲೆಯ ತೊಟ್ಟು. ನಿಜವಾದ ಕಾಂಡ ನೆಲಕ್ಕೆ ಅಂಟಿಕೊಂಡು ಗುಬುಟಿನ ಹಾಗೆ ಕೂತಿರುತ್ತದೆ. ಅದರ ಸುತ್ತ ತೊಟ್ಟುಗಳು ಏಳುತ್ತವೆ. ಅಂಗಡಿಯಿಂದ ನಾವು ತರುವುದು ಬರೀ ಎಲೆಗಳನ್ನು. ಮಾವಿನ ಎಲೆಯನ್ನು ನೀರಲ್ಲಿಟ್ಟು ಮರ ಬರಲಿ ಅಂತ ಕಾದರೆ ಹೇಗೋ, ಹಾಗೆ ಕಾದಿದ್ದೆ ನಾನು. ಪಾರ್ಸ್ಲಿ ಕಡ್ಡಿಯನ್ನು ನೀರಲ್ಲಿಟ್ಟು ಬೇರು ಬರಿಸುವ ವಿಡಿಯೊಗಳು ಬೇಕಾದಷ್ಟಿವೆ. ಬುಡದ ಗುಬುಟಿನ ಸಮೇತ ಕಿತ್ತದ್ದಾದರೆ ಒಂದು ಮಾತು. ಬರೀ ತೊಟ್ಟನ್ನು ನಂಬಿ ದಿನ ಕಳೆಯಬೇಡಿ.

ಗಡ್ಡೆ ಸೀಳಿ ನೆಡಲೂ ಆಗುವುದಿಲ್ಲ. ಮೂಲಂಗಿಯಂತೆ ಒಂದೇ ತಾಯಿಬೇರು ಕೆಳಗೆ ಇಳಿದಿರುತ್ತದೆ, ಅದನ್ನು ಸೀಳಿದರೆ ಎರಡೂ ಹೋಳು ಕೊಳೆಯುವುದೇ ಜಾಸ್ತಿ. ಹಾಗಾಗಿ ಉಳಿದದ್ದು ಬೀಜ ಒಂದೇ.

ಬೀಜದ ಪೊಟ್ಟಣ ತಂದ ದಿನ ಕನ್ನಡಕ ಹಾಕಿಕೊಂಡು ಒಂದು ಬೀಜ ಅಂಗೈ ಮೇಲಿಟ್ಟು ನೋಡಿದೆ. ಓಮದ ಕಾಳೇ! ಗೀರು ಗೀರು, ಕಂದು ಬಣ್ಣ, ಒಂದು ಕಡೆ ಚಪ್ಪಟೆ. ನನ್ನ ಕಣ್ಣು ತಪ್ಪಿರಲಿಲ್ಲ. ಓಮ, ಜೀರಿಗೆ, ಸೋಂಪು, ಕೊತ್ತಂಬರಿ, ಸಬ್ಬಸಿಗೆ, ಕ್ಯಾರೆಟ್, ಎಲ್ಲ ಒಂದೇ ಮನೆತನ. ಇಂಗಿನ ಗಿಡವೂ ಅದೇ ಮನೆತನ. ನಮ್ಮ ಒಗ್ಗರಣೆ ಡಬ್ಬಿಯ ಅರ್ಧ ಖಾನೆಗಳು ಇವರದ್ದೇ ಸಂಸಾರ. ಇನ್ನೊಂದು ಆಶ್ಚರ್ಯ, ಗದ್ದೆ ಬದುವಿನ ಒಂದೆಲಗವೂ ಇವರ ಪೈಕಿ. ಒಂದೆಲಗ ಮಾತ್ರ ಬಳ್ಳಿ ಬಿಟ್ಟು ಹೋದಲ್ಲೆಲ್ಲ ಬೇರೂರುತ್ತದೆ, ಒಂದು ಎಳೆ ಕಿತ್ತು ಕೊಟ್ಟರೆ ನೆಂಟರ ಮನೆಯಲ್ಲೂ ಹಬ್ಬುತ್ತದೆ. ಒಂದೇ ಮನೆಯಲ್ಲಿ ಹುಟ್ಟಿದರೂ ಒಬ್ಬರ ಸ್ವಭಾವ ಒಬ್ಬರಿಗಿಲ್ಲ ನೋಡಿ.

ಮೊದಲ ತಪ್ಪು ಮಾಡಿದ್ದು ಮೃಗಶಿರ ಮಳೆಯಲ್ಲಿ. ಮಲೆನಾಡಿನವರಿಗೆ ಏನು ನೆಡಬೇಕಾದರೂ ಮೊದಲ ಮಳೆ ಬೀಳಬೇಕು, ಅದು ರಕ್ತದಲ್ಲಿ ಬಂದ ಬುದ್ಧಿ. ಆಲ್ದೂರಿನ ಹತ್ತಿರದ ನಮ್ಮ ಐದೆಕರೆ ತೋಟದಲ್ಲಿ ಜೂನ್ ಅಂದರೆ ಬರೀ ನೆಡುವುದೇ. ಕಾಫಿ ಗಿಡ, ಸಿಲ್ವರ್ ಓಕ್, ಮೆಣಸಿನ ಬಳ್ಳಿ. ಅದೇ ಹುಮ್ಮಸ್ಸಿನಲ್ಲಿ ಪಾರ್ಸ್ಲಿಯನ್ನೂ ಬಿತ್ತಿದೆ. ಆರಿದ್ರಾ ಬರುವ ಹೊತ್ತಿಗೆ ಕುಂಡದ ಮಣ್ಣು ಪಾಯಸವಾಗಿತ್ತು. ಬೀಜ ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

ಎರಡನೇ ಸಲ ಮಳೆ ಸ್ವಲ್ಪ ಬಿಟ್ಟ ಮೇಲೆ, ಸೆಪ್ಟೆಂಬರಿನಲ್ಲಿ, ಸೂರಿನ ಕೆಳಗಿಟ್ಟು ಹಾಕಿದೆ. ದಿನಾ ನೋಡಿದೆ. ಐದು ದಿನ, ಎಂಟು ದಿನ, ಹತ್ತು ದಿನ. ಕೊತ್ತಂಬರಿ ಆಗಿದ್ದರೆ ಇಷ್ಟು ಹೊತ್ತಿಗೆ ಮೊಳಕೆ ಕಾಣಿಸಿರುತ್ತಿತ್ತು. ಹನ್ನೆರಡನೇ ದಿನ ಬೆರಳು ಹಾಕಿ ಕೆದಕಿದೆ, ಒಂದು ಬೀಜ ಸಿಕ್ಕಿತು, ಇದ್ದ ಹಾಗೇ ಇತ್ತು. 18ನೇ ದಿನ ಸಿಟ್ಟು ಬಂತು. ಮಾರಿದವನಿಗೆ ಬೈದುಕೊಂಡು ಕುಂಡವನ್ನು ಹೇರಳೆ ಗಿಡದ ಬುಡಕ್ಕೆ ಮಗುಚಿ, ಖಾಲಿ ಕುಂಡಕ್ಕೆ ಸೇವಂತಿಗೆ ಹಾಕಿದೆ.

ನಮ್ಮ ತೋಟಕ್ಕೆ ಬರುವ ಅಜ್ಜಿಯೊಬ್ಬರಿದ್ದಾರೆ. ನನ್ನ ಮಾವನವರ ಕಾಲದಿಂದ ಇದ್ದವರು. ಈಗ ಕಾಫಿ ಕುಯ್ಯಲು ಆಗುವುದಿಲ್ಲ, ಅಂಗಳ ಗುಡಿಸಿ ಕಳೆ ತೆಗೆದು ಹೋಗುತ್ತಾರೆ. ಕುಂಡ ಮಗುಚಿ ಹತ್ತು ದಿನ ಆಗಿರಬಹುದು. ಹೇರಳೆ ಬುಡದಿಂದ ಅಜ್ಜಿ ಕೂಗಿದರು. "ಅಮ್ಮಾ, ಇಲ್ಲೇನು ಕೊತ್ತಂಬರಿ ಚೆಲ್ಲಿದ್ರಾ? ಕಾಂಗ್ರೆಸ್ ಗಿಡ ಅಂತ ಅರ್ಧ ಕಿತ್ಹಾಕಿದೆ."

ಓಡಿ ಹೋಗಿ ನೋಡಿದೆ. ಕಿತ್ತ ರಾಶಿಯಲ್ಲಿ ಕಾಂಗ್ರೆಸ್ ಕಳೆಯ ಜೊತೆ ನನ್ನ ಪಾರ್ಸ್ಲಿ ಸಸಿಗಳು ಬಾಡಿ ಮಲಗಿದ್ದವು. ಅಜ್ಜಿಯ ತಪ್ಪೇನೂ ಇಲ್ಲ. ಕಾಂಗ್ರೆಸ್ ಗಿಡ ಸಣ್ಣದಿರುವಾಗ ನೆಲಕ್ಕೆ ಹರಡಿಕೊಂಡು ಹರಿದ ಹರಿದ ಎಲೆ ಬಿಡುತ್ತದೆ, ಹಿಂದಿಯವರು ಅದನ್ನು ಕ್ಯಾರೆಟ್ ಹುಲ್ಲು ಅಂತಲೇ ಕರೆಯುತ್ತಾರೆ. ಬೇರಿನ ಸಂದಿಯಲ್ಲಿ ಎರಡು ಸಸಿ ಉಳಿದಿದ್ದವು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅಜ್ಜಿಗೆ ಕಥೆ ಹೇಳಿದೆ, ಹದಿನೆಂಟು ದಿನ ಕಾದದ್ದು, ಬರಲಿಲ್ಲ ಅಂತ ಚೆಲ್ಲಿದ್ದು.

ಅಜ್ಜಿ ನಕ್ಕರು. "ನಿಮ್ಮ ಮಾವ ಕಾಪಿ ಬೀಜ ಹಾಕಿ ಒಂದೂವರೆ ತಿಂಗ್ಳು ಕಾಯ್ತಿರ್ಲಿಲ್ವಾ ಅಮ್ಮಾ? ದಿನಾ ಬೆಳಿಗ್ಗೆ ಬಂದು ಮಡಿ ಪಕ್ಕ ನಿಲ್ಲೋದು, ಹುಲ್ಲು ಚೂರು ಎತ್ತಿ ನೋಡೋದು, ಮುಚ್ಚೋದು. ಒಂದು ದಿನ ಬೆರಳು ಹಾಕಿದ್ದಿಲ್ಲ."

ನನಗೆ ನಾಚಿಕೆಯಾಯಿತು. ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷಗಳಲ್ಲಿ ಆ ನರ್ಸರಿಯನ್ನು ನಾನೂ ನೋಡಿದ್ದೇನೆ. ಮಾವ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಎಸ್ 795 ಅನ್ನುವ ಅರೇಬಿಕಾ ಕಾಫಿ ತಳಿಯ ಬೀಜ ತರುತ್ತಿದ್ದರು. 1925ರಲ್ಲಿ ಶುರುವಾದ ಕೇಂದ್ರ ಅದು, ನಮಗೆ ಹತ್ತಿರ. ಡಿಸೆಂಬರ್-ಜನವರಿಯಲ್ಲಿ ಮಡಿ ಮಾಡಿ, ಬೀಜದ ಚಪ್ಪಟೆ ಭಾಗ ಕೆಳಗೆ ಬರುವ ಹಾಗೆ ಸಾಲಾಗಿ ಇಟ್ಟು, ತೆಳ್ಳಗೆ ಮಣ್ಣು ಉದುರಿಸಿ, ಮೇಲೆ ಭತ್ತದ ಹುಲ್ಲು ಹಾಸುತ್ತಿದ್ದರು. ಮೊಳಕೆ ಬರಲು ಸುಮಾರು 45 ದಿನ. ಆಮೇಲೆ ಒಂದೊಂದೇ ಸಸಿ ಬೀಜವನ್ನು ಟೋಪಿಯ ಹಾಗೆ ತಲೆ ಮೇಲೆ ಹೊತ್ತುಕೊಂಡು ಏಳುತ್ತದೆ. ನೋಡಲು ಎಷ್ಟು ಚೆಂದ ಅಂದರೆ, ಚಳಿಗೆ ಸ್ಕೂಲಿಗೆ ಹೊರಟ ಮಕ್ಕಳ ಸಾಲು! ಆ ಟೋಪಿ ಬಿಚ್ಚುವ ಮೊದಲೇ ಅವನ್ನು ಎತ್ತಿ ಬ್ಯಾಗಿಗೆ ಹಾಕಬೇಕು.

ಇದನ್ನೆಲ್ಲ ಕಣ್ಣಾರೆ ಕಂಡವಳು ನಾನು. ಪಾರ್ಸ್ಲಿ ಬೀಜಕ್ಕೆ 18 ದಿನ ಕೊಡಲು ಕೈಲಾಗಲಿಲ್ಲ.

ಪಾರ್ಸ್ಲಿ ಯಾಕೆ ಇಷ್ಟು ಸತಾಯಿಸುತ್ತದೆ ಅಂತ ಓದಿದೆ. ಬೀಜದಲ್ಲೇ ಮೊಳಕೆಯನ್ನು ತಡೆಯುವ ರಾಸಾಯನಿಕಗಳಿವೆಯಂತೆ. ಅವು ನೀರಿಗೆ ಬಿಟ್ಟು ಹೋಗಬೇಕು, ಆಮೇಲೇ ಅದು ಕಣ್ಣು ಬಿಡುವುದು. ಮೂರು ವಾರ ಮಾಮೂಲು, ನಾಲ್ಕು ವಾರವೂ ಆಗಬಹುದು. ಇಂಗ್ಲೆಂಡಿನ ಹಳ್ಳಿಯವರು ಇದಕ್ಕೆ ಕಥೆಯನ್ನೇ ಕಟ್ಟಿದ್ದರು. ಬಿತ್ತಿದ ಬೀಜ ಭೂಮಿಯೊಳಗೆ ಸೈತಾನನ ಹತ್ತಿರ ಏಳು ಸಲ ಹೋಗಿ ಬರುತ್ತದೆ, ಆಮೇಲೆ ಮೇಲೆ ಬರುತ್ತದೆ ಅಂತ. ಕೆಲವು ಬೀಜಗಳನ್ನು ಅವನು ಅಲ್ಲೇ ಇಟ್ಟುಕೊಂಡು ಬಿಡುತ್ತಾನಂತೆ, ಅದಕ್ಕೇ ಹಾಕಿದ್ದೆಲ್ಲ ಹುಟ್ಟುವುದಿಲ್ಲ. ನಮ್ಮ ಗಿರಿಯ ಕಥೆಯಲ್ಲೂ ಏಳು ಬೀಜಗಳೇ. ಬಾಬಾ ಬುಡನ್ ಯೆಮೆನ್ ದೇಶದ ಮೋಕಾದಿಂದ ಏಳು ಕಾಫಿ ಬೀಜ ಮುಚ್ಚಿಟ್ಟುಕೊಂಡು ತಂದು ಇಲ್ಲಿನ ಬೆಟ್ಟದಲ್ಲಿ ಬಿತ್ತಿದರು ಅಂತ ಜನ ಹೇಳುತ್ತಾರೆ. ಅದೂ ಕದ್ದ ಗಿಡವೇ, ಚೆನ್ನಾಗಿ ಬಂತು.

ಇನ್ನೊಂದು ನಂಬಿಕೆ ನನಗೆ ಬಹಳ ಇಷ್ಟವಾಯಿತು. ಯಾವ ಮನೆಯಲ್ಲಿ ಹೆಂಡತಿಯ ಮಾತು ನಡೆಯುತ್ತದೋ ಅಲ್ಲಿ ಪಾರ್ಸ್ಲಿ ಹುಲುಸಾಗಿ ಬರುತ್ತದಂತೆ. ಇವರಿಗೆ ಓದಿ ಹೇಳಿದೆ. ಪೇಪರಿನಿಂದ ತಲೆ ಎತ್ತದೆ "ಹಾಗಾದ್ರೆ ಈ ಸಲ ಬರ್ಲೇಬೇಕು" ಅಂದರು.

ಮೂರನೇ ಸಲ ಮಾವನವರ ಲೆಕ್ಕದಲ್ಲೇ ಹೋದೆ. ಸ್ವಾತಿ ಮಳೆ ಕಳೆಯಲಿ ಅಂತ ಕಾದೆ, ನವೆಂಬರ್ ಎರಡನೇ ವಾರ. ತೋಟದಲ್ಲಿ ಅರೇಬಿಕಾ ಕುಯ್ಲು ಶುರುವಾಗಿತ್ತು, ಕಣದಲ್ಲಿ ಕಾಲಿಡಲು ಜಾಗವಿರಲಿಲ್ಲ, ಆದರೂ ಸಂಜೆ ಅರ್ಧ ಗಂಟೆ ಕದ್ದುಕೊಂಡೆ. ಹಳೇ ಪೊಟ್ಟಣ ಎಸೆದು ಹೊಸದು ತಂದೆ. ಈ ಬೀಜ ಹಳತಾದಷ್ಟೂ ಹುಟ್ಟುವುದು ಕಡಿಮೆಯಾಗುತ್ತದೆ, ಮೂರು ವರ್ಷದ ಬೀಜವನ್ನಂತೂ ನಂಬುವ ಹಾಗಿಲ್ಲ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿದೆ. ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಒಮ್ಮೆ ನೀರು ಚೆಲ್ಲಿ ಬೇರೆ ಹಾಕಿದೆ. ತಡೆಯುವಂಥದ್ದು ಏನಿದೆಯೋ ಅದು ಬಚ್ಚಲಿಗೆ ಹೋಗಲಿ ಅಂತ.

ಮಣ್ಣೂ ಕಾಫಿ ನರ್ಸರಿಯದ್ದೇ. ಜರಡಿ ಹಿಡಿದ ಕಾಡುಮಣ್ಣು ಆರು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಪಾಲು, ಮರಳು ಒಂದು ಪಾಲು. ಬ್ಯಾಗು ತುಂಬಲು ನಮ್ಮ ಬೆಳೆಗಾರರಿಗೆಲ್ಲ ಬಾಯಿಪಾಠವಾದ ಲೆಕ್ಕ ಇದು. ಅಂಗಡಿಯಲ್ಲಿ ಮೂಟೆ ಕಟ್ಟಿ ಮಾರುವ ತೆಂಗಿನ ನಾರಿನ ಪುಡಿ ನನಗೆ ಬೇಕಾಗಲಿಲ್ಲ. ಕುಂಡ ಆಳವಿರಬೇಕು, ಬಾಯಿ ಅಗಲವಿದ್ದು ತಳ ಮೇಲಿದ್ದರೆ ತಾಯಿಬೇರು ಎಲ್ಲಿ ಇಳಿಯಬೇಕು? ನಾನು ಖಾಲಿ ಪೇಂಟ್ ಬಕೆಟ್‌ಗಳಿಗೆ ತಳದಲ್ಲಿ ತೂತು ಕೊರೆದು ಬಳಸಿದೆ. ಕಾಲು ಅಂಗುಲ ಆಳಕ್ಕೆ ಬೀಜ, ಮೇಲೆ ತೆಳುವಾಗಿ ಮಣ್ಣು, ಅದರ ಮೇಲೆ ಒದ್ದೆ ಗೋಣಿ ತುಂಡು. ನೀರನ್ನು ಕೈಯಲ್ಲಿ ಚಿಮುಕಿಸಿದೆ. ಚೊಂಬಿನಿಂದ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಹೋಗಿ ಕೂರುತ್ತದೆ.

ಆಮೇಲೆ ಕ್ಯಾಲೆಂಡರಿನಲ್ಲಿ ಒಂದು ತಿಂಗಳ ಮೇಲಿನ ದಿನಕ್ಕೆ ಸುತ್ತು ಹಾಕಿ, ಅಲ್ಲಿವರೆಗೆ ಬೆರಳು ಹಾಕುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಗೋಣಿ ಎತ್ತುವುದು, ನೋಡುವುದು, ಮುಚ್ಚುವುದು. 22ನೇ ದಿನ ಬೆಳಿಗ್ಗೆ ಗೋಣಿಯ ಕೆಳಗೆ ಹಸಿರು ದಾರದಂಥ ಆರೇಳು ಎಳೆ ಬಾಗಿ ನಿಂತಿದ್ದವು. ಗೋಣಿ ಅವತ್ತೇ ತೆಗೆದೆ, ಬೆಳಕಿಲ್ಲದಿದ್ದರೆ ಸಣಕಲಾಗಿ ಬಿದ್ದುಹೋಗುತ್ತವೆ. ಮೊದಲು ಬರುವ ಎರಡೆಲೆ ಹುಲ್ಲಿನ ಹಾಗೆ ಸುಮ್ನೆ ಉದ್ದಕ್ಕಿರುತ್ತವೆ. ಪಾರ್ಸ್ಲಿಯ ಮುಖ ಕಾಣುವುದು ಮೂರನೇ ಎಲೆಯಲ್ಲಿ. ಅಂಚು ಕತ್ತರಿಸಿದ, ಪುಟ್ಟ ಅಂಗೈಯಂಥ ಎಲೆ.

ಒಂದು ಬಕೆಟ್ಟಿಗೆ ಮೂರೇ ಗಿಡ ಬಿಟ್ಟೆ. ಹೆಚ್ಚಾದವನ್ನು ಕೀಳಲಿಲ್ಲ, ಕತ್ತರಿಯಿಂದ ಬುಡಕ್ಕೆ ಕತ್ತರಿಸಿದೆ, ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ. ಸಂಕ್ರಾಂತಿ ಕಳೆದು ಫೆಬ್ರವರಿಗೆ ಕುಯ್ಯುವಷ್ಟಾಯಿತು. ಇದರಲ್ಲೂ ಕೊತ್ತಂಬರಿಯ ಅಭ್ಯಾಸ ಬಿಡಬೇಕು. ತುದಿ ಚಿವುಟಬಾರದು, ಹೊರಗಿನ ಸುತ್ತಿನ ತೊಟ್ಟುಗಳನ್ನು ಬುಡದಿಂದ ತೆಗೆಯಬೇಕು. ಒಳಗಿನ ಎಳೆ ಸುತ್ತನ್ನು ಮುಟ್ಟಬಾರದು, ಹೊಸ ಎಲೆ ಬರುವುದು ಅಲ್ಲಿಂದಲೇ. ವೀಳ್ಯದೆಲೆ ಬಳ್ಳಿಯಿಂದ ಕೆಳಗಿನ ಎಲೆ ಕೀಳುತ್ತೇವಲ್ಲ, ಹಾಗೆ. ಹೀಗೆ ತೆಗೆದರೆ ಒಂದೇ ಗಿಡ ತಿಂಗಳುಗಟ್ಟಲೆ ಕೊಡುತ್ತದೆ. ಹದಿನೈದು ದಿನಕ್ಕೊಮ್ಮೆ ಸಗಣಿ ನೀರು ತೆಳ್ಳಗೆ ಮಾಡಿ ಹಾಕಿದೆ. ಒಮ್ಮೆ ಎಲೆ ಕೆಳಗೆ ಹೇನು ಕೂತಿತ್ತು, ಒಲೆ ಬೂದಿ ಉದುರಿಸಿ ಮಾರನೇ ದಿನ ನೀರು ಹೊಡೆದು ತೊಳೆದೆ. ಅಷ್ಟೇ ಆರೈಕೆ.

ಮಾರ್ಚಿನಲ್ಲಿ ಕಾಫಿ ಅರಳಿಸುವ ಹೂ ಮಳೆ ಬಿದ್ದು ತೋಟ ಬೆಳ್ಳಗಾಗುವ ಹೊತ್ತಿಗೆ ಬಿಸಿಲು ಜೋರಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಪಾರ್ಸ್ಲಿ ಎಲೆ ಅಂಚು ಸುಟ್ಟಂತಾಯಿತು. ಪೂರ್ವದ ಜಗಲಿಗೆ ತಂದಿಟ್ಟೆ, ಬೆಳಗಿನ ಬಿಸಿಲು ಮಾತ್ರ ಬೀಳುವಲ್ಲಿ. ಸುಧಾರಿಸಿಕೊಂಡಿತು. ಕಾಫಿಯ ಹಾಗೇ ಇದಕ್ಕೂ ಅರೆನೆರಳು ಒಗ್ಗುತ್ತದೆ.

ಅಡುಗೆಯಲ್ಲಿ ಮಾತ್ರ ಅದಕ್ಕೆ ಜಾಗ ಹುಡುಕಲು ಹೆಣಗಬೇಕಾಯಿತು. ಸಾರಿಗೆ ಹಾಕಿದೆ, ಕುದಿದು ಹುಲ್ಲಿನ ರುಚಿಯಾಯಿತು. ಇವರು ಒಂದು ತುತ್ತು ಕಲಸಿ "ಇವತ್ತು ಕೊತ್ತಂಬರಿ ಇರ್ಲಿಲ್ವಾ?" ಅಂದರು. ತಂಬುಳಿ ಮಾಡಿದೆ, ಪರವಾಗಿಲ್ಲ, ಒಂದೆಲಗದ ಮುಂದೆ ನಿಲ್ಲುವುದಿಲ್ಲ. ಅಕ್ಕಿ ರೊಟ್ಟಿಗೆ ಸಬ್ಬಸಿಗೆ ಬದಲು ಹಾಕಿದ್ದು ಚೆನ್ನಾಗಿತ್ತು. ಆದರೆ ಇದು ಗೆದ್ದದ್ದು ಹಾಸನದ ಆಲೂಗಡ್ಡೆಯ ಜೊತೆ. ಆಲೂಗಡ್ಡೆ ಬೇಯಿಸಿ, ಬೆಣ್ಣೆಯಲ್ಲಿ ಬೆಳ್ಳುಳ್ಳಿ ಬಾಡಿಸಿ, ಉಪ್ಪು, ಕುಟ್ಟಿದ ಕಾಳುಮೆಣಸು, ಒಲೆ ಆರಿಸಿದ ಮೇಲೆ ಒಂದು ಹಿಡಿ ಹೆಚ್ಚಿದ ಪಾರ್ಸ್ಲಿ. ಕಾಳುಮೆಣಸು ತೋಟದ್ದೇ. ಇವರು ಎರಡನೇ ಸಲ ಬಡಿಸಿಕೊಂಡರು. ಯಾವ ಸೊಪ್ಪು ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಳ್ಳುಳ್ಳಿ, ಬೆಣ್ಣೆ, ನಿಂಬೆ, ಮೀನು, ಮೊಟ್ಟೆ, ಇವೇ ಇದರ ಜೊತೆಗಾರರು. ತೆಂಗಿನಕಾಯಿ, ಹುಣಸೆಹಣ್ಣು, ಸಾರಿನ ಪುಡಿ ಇದ್ದಲ್ಲಿ ಇದು ಮೂಲೆ ಸೇರುತ್ತದೆ. ನಮ್ಮ ಒಗ್ಗರಣೆಗೆ ಕೊತ್ತಂಬರಿಯೇ ಸರಿ, ಅದರಲ್ಲಿ ವಾದವಿಲ್ಲ.

ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಈ ಸೊಪ್ಪಿನಲ್ಲಿ ವಿಟಮಿನ್ ಕೆ ವಿಪರೀತ, 100 ಗ್ರಾಂನಲ್ಲಿ 1,600 ಮೈಕ್ರೊಗ್ರಾಂಗೂ ಜಾಸ್ತಿ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 90ರಿಂದ 120. ನಮ್ಮ ಭಾವನವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ಳುತ್ತಾರೆ. ಅಂಥವರು ಒಂದು ದಿನ ರಾಶಿ ತಿಂದು ಇನ್ನೊಂದು ದಿನ ಬಿಟ್ಟರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಡಾಕ್ಟರನ್ನು ಕೇಳದೆ ಅವರ ತಟ್ಟೆಗೆ ತಬೂಲೆ ಬಡಿಸಬೇಡಿ. ಬಸುರಿಯರಿಗೂ ಇದರ ಬೀಜ, ಎಣ್ಣೆ ಬೇಡ. ಅಡುಗೆಗೆ ಉದುರಿಸಿದ ಎರಡೆಲೆಗೆ ಹೆದರಬೇಕಿಲ್ಲ.

ಇನ್ನು ಕೊಡುವ ಕಥೆ. ಏಪ್ರಿಲ್‌ನಲ್ಲಿ ನನ್ನ ಗೆಳತಿ ಬಂದಳು. ಒಟ್ಟಿಗೆ ಓದಿದವಳು, ಕೊಟ್ಟದ್ದು ಗಿರಿಯ ದಾರಿಯ ಅತ್ತಿಗುಂಡಿ ಕಡೆ. ನನ್ನ ಅಂಗಳದಲ್ಲಿ ಅವಳು ಕೊಟ್ಟ ಗಿಡಗಳೇ ಒಂಬತ್ತಿವೆ. ಆಲೂಗಡ್ಡೆ ತಿಂದು, ಕಾಫಿ ಕುಡಿದು, ಜಗಲಿಗೆ ಬಂದು ಪಾರ್ಸ್ಲಿ ಬಕೆಟ್ಟಿನ ಮುಂದೆ ನಿಂತಳು. ನನಗೆ ಗೊತ್ತಿತ್ತು ಮುಂದಿನ ಮಾತು ಏನೆಂದು.

"ಒಂದು ಕಡ್ಡಿ ಕೊಡೇ."

"ಕಡ್ಡಿಗೆ ಬರಲ್ಲ ಕಣೆ ಇದು."

"ಹಾಗಾದ್ರೆ ಒಂದು ಗಿಡ ಕಿತ್ತು ಕೊಡು."

"ಕಿತ್ರೆ ಸಾಯುತ್ತೆ."

"ಬೀಜ?"

"ಇನ್ನೂ ಆಗಿಲ್ಲ."

ಅವಳು ನನ್ನನ್ನೇ ನೋಡಿದಳು. ಎಂತಾ ಜುಗ್ಗಿ ಆಗಿದ್ದಾಳೆ ಇವಳು ಅನ್ನುವ ನೋಟ. ಬಾಯಲ್ಲಿ "ಇರ್ಲಿ ಬಿಡು" ಅಂದಳು. ನಮ್ಮ ಕಡೆ "ಇರ್ಲಿ ಬಿಡು" ಅಂದರೆ ಬಿಟ್ಟಿಲ್ಲ ಅಂತ ಅರ್ಥ. ಹಟಕ್ಕೆ ಬಿದ್ದು ಆವತ್ತು ಒಂದು ಗಿಡ ಕಿತ್ತೇ ಕೊಟ್ಟೆ. ತಾಯಿಬೇರು ಅರ್ಧಕ್ಕೇ ಮುರಿಯಿತು. ನಾಲ್ಕನೇ ದಿನ ಅವಳ ಫೋನು, ಸತ್ತಿತು ಅಂತ. ಪಾರ್ಸ್ಲಿಯನ್ನು ಜಾಗ ಬದಲಿಸಿ ನೆಟ್ಟರೆ ಮನೆಗೆ ಕೇಡು ಅಂತ ಇಂಗ್ಲೆಂಡಿನವರು ನಂಬಿದ್ದರಲ್ಲ, ಅದು ಇಂಥ ಎಷ್ಟು ಗಿಡ ಸತ್ತ ಮೇಲೆ ಹುಟ್ಟಿದ ನಂಬಿಕೆಯೋ.

ಬೀಜವನ್ನಾದರೂ ಮಾಡಿ ಕೊಡೋಣ ಅಂದುಕೊಂಡೆ. ಪಾರ್ಸ್ಲಿ ಎರಡು ವರ್ಷದ ಗಿಡ. ಮೊದಲ ವರ್ಷ ಬರೀ ಎಲೆ, ಎರಡನೇ ವರ್ಷ ನಡುವಿನಿಂದ ದಂಟು ಎದ್ದು ಸಬ್ಬಸಿಗೆಯಂತೆ ಕೊಡೆ ಹೂ ಬಿಟ್ಟು, ಬೀಜ ಕಟ್ಟಿ, ಸಾಯುವುದು ಅದರ ನಡೆ. ಮಳೆಗಾಲ ದಾಟಿಸುವುದೇ ಸಾಹಸವಾಯಿತು. ಪುನರ್ವಸು, ಪುಷ್ಯ ಮಳೆಗಳಲ್ಲಿ ನಮ್ಮಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಜಗಲಿಯ ಒಳಗಿಟ್ಟರೂ ಗಾಳಿಯಲ್ಲೇ ನೀರು. ಎಲೆಗೆ ಕಂದು ಚುಕ್ಕೆ ಬಂತು. ರಾತ್ರಿ ಬಸವನಹುಳು ಹತ್ತಿ ಎಳೆ ಸುತ್ತನ್ನೇ ಮೇಯ್ದವು, ಟಾರ್ಚ್ ಹಿಡಿದು ಹೆಕ್ಕಿದೆ. ನಾಲ್ಕು ಗಿಡಗಳ ಬುಡ ಮೆತ್ತಗಾಗಿ ಹೋದವು. ಉಳಿದದ್ದು ಎರಡು.

ಆ ಎರಡು ಗಿಡಗಳು ಚಳಿಗಾಲಕ್ಕೆ ಬಂದವು, ಎರಡನೇ ವರ್ಷಕ್ಕೂ ಬಂದವು. ಬುಡ ಹೆಬ್ಬೆರಳಷ್ಟು ದಪ್ಪವಾಯಿತು. ಹೂ ಮಾತ್ರ ಬರಲಿಲ್ಲ. ಈ ಗಿಡಕ್ಕೆ ಹೂ ಬಿಡುವ ಬುದ್ಧಿ ಬರಬೇಕಾದರೆ ನಡುವೆ ಗಟ್ಟಿ ಚಳಿ ತಾಗಬೇಕು. 10 ಡಿಗ್ರಿಯ ಆಸುಪಾಸು, ಇಲ್ಲವೇ ಅದಕ್ಕೂ ಕೆಳಗೆ, ಅದೂ ಒಂದು ರಾತ್ರಿಯಲ್ಲ, ಕೆಲವು ವಾರ. ಅದರ ಊರಿನಲ್ಲಿ ಚಳಿಗಾಲ ಹಾಗೇ ಇರುತ್ತದೆ. ನಾವು ಸ್ವೆಟರ್ ಹಾಕಿಕೊಂಡು, ಒಲೆ ಮುಂದೆ ಕೂತು, ಹಲ್ಲು ಕಟಕಟ ಅನ್ನಿಸುವ ಆಲ್ದೂರಿನ ಚಳಿಯನ್ನು ಪಾರ್ಸ್ಲಿ ಚಳಿ ಅಂತ ಒಪ್ಪಲೇ ಇಲ್ಲ. ಎಲೆ ಬೇಕಾದವರಿಗೆ ಇದು ಲಾಭವೇ, ಹೂ ಬಂದರೆ ಎಲೆ ಕಹಿಯಾಗುತ್ತದೆ. ಬೀಜ ಬೇಕಾಗಿದ್ದವಳು ನಾನು.

ಕಡ್ಡಿಯೂ ಇಲ್ಲ, ಬೀಜವೂ ಇಲ್ಲ. ದಾರಿ ತೋರಿಸಿದ್ದು ಮತ್ತೆ ಕಾಫಿಯೇ. ಕಾಫಿಗೂ ತಾಯಿಬೇರು ಇದೆ, ಅದನ್ನು ಮಡಚಿ ನೆಟ್ಟರೆ ಗಿಡ ಎಂದೂ ಉದ್ಧಾರವಾಗುವುದಿಲ್ಲ. ಆದರೂ ಲಾರಿಗಟ್ಟಲೆ ಕಾಫಿ ಸಸಿ ಊರಿಂದೂರಿಗೆ ಹೋಗುತ್ತವೆ. ಹೇಗೆ? ಮಣ್ಣಿನ ಸಮೇತ, ಬ್ಯಾಗಿನಲ್ಲಿ. ಕಳೆದ ನವೆಂಬರಿನಲ್ಲಿ ಅಟ್ಟದಿಂದ ಮಿಕ್ಕ ನರ್ಸರಿ ಬ್ಯಾಗ್ ಇಳಿಸಿದೆ. ಒಂಬತ್ತು ಅಂಗುಲ ಎತ್ತರ, ಆರು ಅಂಗುಲ ಅಗಲದ್ದು, ಕೆಳಗರ್ಧ ತೂತು ಹೊಡೆದದ್ದು. ಅದೇ ಆರು, ಎರಡು, ಒಂದರ ಮಣ್ಣು ತುಂಬಿದೆ. ಕಾಫಿಯನ್ನು ಮಡಿಯಿಂದ ಬ್ಯಾಗಿಗೆ ಎತ್ತುತ್ತಾರೆ, ಇದನ್ನು ಎತ್ತುವ ಕೆಲಸವೇ ಬೇಡ ಅಂತ ಬ್ಯಾಗಿಗೇ ನಾಲ್ಕು ನಾಲ್ಕು ಬೀಜ ಹಾಕಿ, ಹುಟ್ಟಿದ್ದರಲ್ಲಿ ಗಟ್ಟಿ ಇದ್ದ ಒಂದನ್ನು ಉಳಿಸಿದೆ. ಅಜ್ಜಿ ಸಾಲಾಗಿ ಜೋಡಿಸಿ, "ನಿಮ್ಮ ಮಾವ ಇದ್ದಿದ್ರೆ ನಗಾಡ್ತಿದ್ರು, ಸೊಪ್ಪಿಗೆ ನರ್ಸರಿ ಮಾಡಿದ್ದು ನೋಡಿ" ಅಂದರು.

ಹದಿನಾಲ್ಕು ಬ್ಯಾಗು ಎದ್ದವು. ನಾಲ್ಕು ಎಲೆ ಆದ ಮೇಲೆ ಬಂದವರಿಗೆಲ್ಲ ಒಂದೊಂದು ಕೊಟ್ಟೆ. ಕೊಪ್ಪದ ಚಿಕ್ಕಮ್ಮನಿಗೆ, ಮೂಡಿಗೆರೆ ಅತ್ತಿಗೆಗೆ. ಬ್ಲೇಡಿನಲ್ಲಿ ಬ್ಯಾಗ್ ಸೀಳಿ, ಮಣ್ಣಿನ ಮುದ್ದೆ ಒಡೆಯದ ಹಾಗೆ ದೊಡ್ಡ ಕುಂಡದಲ್ಲಿ ಇಳಿಸಿ, ಬೇರು ಬಿಡಿಸಲು ಹೋಗಬೇಡಿ ಅಂತ ಹೇಳಿ ಕಳಿಸಿದೆ. ಕಡ್ಡಿ ಕೊಟ್ಟಷ್ಟು ಸಲೀಸಲ್ಲ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಬೇಕು, ಸೀರೆಗೆ ಮಣ್ಣಾಗುತ್ತದೆ. ಆದರೂ ಯಾರದ್ದೂ ಸಾಯಲಿಲ್ಲ.

ಅತ್ತಿಗುಂಡಿಯವಳಿಗೆ ಎರಡು ಕೊಟ್ಟೆ. ಹಳೇ ಸಾಲಕ್ಕೆ ಬಡ್ಡಿ ಅಂತ. ಅವಳ ಮನೆ ನಮಗಿಂತ ಎಷ್ಟೋ ಎತ್ತರದಲ್ಲಿದೆ, 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿ ಅವಳ ಅಂಗಳದಿಂದ ಕಾಣುತ್ತದೆ. ಜನವರಿಯಲ್ಲಿ ಅಲ್ಲಿಗೆ ಹೋದರೆ ನನಗೆ ಎರಡು ಕಂಬಳಿ ಬೇಕು. ಆ ಚಳಿ ಪಾರ್ಸ್ಲಿಗೆ ಸಾಕಾಗುತ್ತದೋ ಇಲ್ಲವೋ, ನೋಡಬೇಕು. ನಡುವಿನಿಂದ ದಂಟು ಎದ್ದರೆ ಕತ್ತರಿಸಬೇಡ, ಹೂ ಒಣಗಿ ಕಂದಾಗುವವರೆಗೆ ಬಿಡು, ಬೀಜ ಪೇಪರಿನಲ್ಲಿ ಕಟ್ಟಿ ನನಗೆ ಇಡು ಅಂತ ಈಗಲೇ ಫೋನ್ ಮಾಡಿ ಹೇಳಿಟ್ಟಿದ್ದೇನೆ.

"ಒಂದು ಕಡ್ಡಿ ಕೊಡದವಳಿಗೆ ಬೀಜ ಬೇಕಂತೆ" ಅಂದಳು.